ಒಂದೂವರೆ ಸುತ್ತಿನ ಪುಕ್ಕ: ಟ್ರೌಟ್ ಮೀನಿಗೆ ಸಾಫ್ಟ್ ಹ್ಯಾಕಲ್ ಫ್ಲೈ ಕಟ್ಟುವ ಬಗೆ

ಮೀನನ್ನು ಮರುಳು ಮಾಡಲು ಗಾಳದ ಮೇಲೆ ಕಟ್ಟುವ ನಕಲಿ ಹುಳವೇ ಫ್ಲೈ; ಮೆತ್ತನೆಯ ಪುಕ್ಕ ಸುತ್ತಿದ್ದಾದರೆ ಅದು ಸಾಫ್ಟ್ ಹ್ಯಾಕಲ್ ಫ್ಲೈ. ಅದಕ್ಕೆ ಬೇಕಾದದ್ದು ಮೂರೇ ಸಾಮಾನು: ಒಂದು ಗಾಳ, ಒಂದು ಮೊಳದಷ್ಟು ರೇಷ್ಮೆ ದಾರ, ಒಂದು ಮೆತ್ತನೆಯ ಪುಕ್ಕ. ರೆಕ್ಕೆ ಇಲ್ಲ, ಬಾಲ ಇಲ್ಲ, ಮಣಿ ಇಲ್ಲ. ನೋಡಿದವರಿಗೆ ಇದು ಐದು ನಿಮಿಷದ ಕೆಲಸ ಅನ್ನಿಸುತ್ತದೆ, ಕೈ ಕುದುರಿದ ಮೇಲೆ ಅಷ್ಟೇ ಹೊತ್ತು ಸಾಕು ಕೂಡ. ಆದರೆ ಹೊಸಬರು ಕಟ್ಟಿದ ಫ್ಲೈಗಳನ್ನು ಸಾಲಾಗಿ ಇಟ್ಟು ನೋಡಿದರೆ ಎಲ್ಲದರಲ್ಲೂ ಒಂದೇ ದೋಷ ಕಾಣುತ್ತದೆ: ಎಲ್ಲವೂ ಜಾಸ್ತಿ. ಪುಕ್ಕ ನಾಲ್ಕು ಸುತ್ತು, ದಾರ ಐದು ಪದರ, ಗಾಳದ ಕಣ್ಣನ್ನೇ ಮುಚ್ಚುವಂಥ ತಲೆ. ಇಂಥದ್ದು ನೀರಿಗೆ ಬಿದ್ದರೆ ಬ್ರಷ್ಷಿನ ತುಂಡು ಹೋದಂತೆ ಹೋಗುತ್ತದೆ, ಹುಳದ ಹಾಗೆ ಆಡುವುದಿಲ್ಲ. ಮುಂದೆ ಬರುವ ವಿವರಗಳಲ್ಲಿ ಅರ್ಧಕ್ಕರ್ಧ ಏನನ್ನು ಹಾಕಬಾರದು, ಎಲ್ಲಿ ನಿಲ್ಲಿಸಬೇಕು ಎಂಬುದರ ಬಗ್ಗೆಯೇ ಇವೆ.

ಈ ಫ್ಲೈಗಳ ಹುಟ್ಟೂರು ಇಂಗ್ಲೆಂಡಿನ ಯಾರ್ಕ್‌ಶೈರ್. ಅಲ್ಲಿನ ವಾರ್ಫ್, ಯೂರ್ ನದಿಗಳೂ ಅದರಿಂದ ಉತ್ತರಕ್ಕಿರುವ ಸ್ಕಾಟ್ಲೆಂಡ್ ಗಡಿಯ ಹೊಳೆಗಳೂ ಮಳೆ ನೀರಿನವು, ಕಲ್ಲುಗಳ ನಡುವೆ ಜೋರಾಗಿ ಹರಿಯುವಂಥವು. ಅಲ್ಲಿನವರು ಇವನ್ನು ಸ್ಪೈಡರ್ ಎಂದು ಕರೆಯುತ್ತಾರೆ, ಆದರೆ ಜೇಡಕ್ಕೂ ಇದಕ್ಕೂ ಸಂಬಂಧವಿಲ್ಲ. ಕಟ್ಟಲು ಬಳಸಿದ ಸಾಮಾನಿನ ಹೆಸರೇ ಫ್ಲೈಯ ಹೆಸರು: ಪಾರ್ಟ್ರಿಜ್ ಅಂಡ್ ಆರೆಂಜ್ ಎಂದರೆ ಪಾರ್ಟ್ರಿಜ್ ಹಕ್ಕಿಯ ಪುಕ್ಕ ಮತ್ತು ಕಿತ್ತಳೆ ರೇಷ್ಮೆ, ಸ್ನೈಪ್ ಅಂಡ್ ಪರ್ಪಲ್ ಎಂದರೆ ಸ್ನೈಪ್ ಹಕ್ಕಿಯ ಪುಕ್ಕ ಮತ್ತು ನೇರಳೆ ರೇಷ್ಮೆ. ಹೆಸರು ಗೊತ್ತಿದ್ದರೆ ಮುಕ್ಕಾಲು ಪಾಲು ವಿಧಾನವೂ ಗೊತ್ತಾದಂತೆ.

ಮೀನು ಇದನ್ನು ಏಕೆ ಬಾಯಿಗೆ ಹಾಕಿಕೊಳ್ಳುತ್ತದೆ? ಹೊಳೆಯ ತಳದಲ್ಲಿ ಬೆಳೆಯುವ ಮೇಫ್ಲೈ, ಕ್ಯಾಡಿಸ್ ಹುಳಗಳು ಹಾರುವ ವಯಸ್ಸು ಬಂದಾಗ ತಳ ಬಿಟ್ಟು ಮೇಲೇಳುತ್ತವೆ. ಆ ದಾರಿಯಲ್ಲಿ ಅವಕ್ಕೆ ಈಜಿ ತಪ್ಪಿಸಿಕೊಳ್ಳುವ ಶಕ್ತಿ ಕಡಿಮೆ, ಕಾಲುಗಳು ನೀರಿನ ಸೆಳೆತಕ್ಕೆ ಸಿಕ್ಕಿ ಅಲುಗಾಡುತ್ತಿರುತ್ತವೆ. ಟ್ರೌಟ್‌ಗೆ ಇದಕ್ಕಿಂತ ಸುಲಭದ ಊಟವಿಲ್ಲ. ಸಾಫ್ಟ್ ಹ್ಯಾಕಲ್ ಅನುಕರಿಸುವುದು ಹುಳದ ಆಕಾರವನ್ನಲ್ಲ, ಈ ಅಲುಗಾಟವನ್ನು. ದಾರ ಬಿಗಿಯಾದಾಗ ಪುಕ್ಕದ ಎಳೆಗಳು ಹಿಂದಕ್ಕೆ ಮಡಚಿಕೊಳ್ಳಬೇಕು, ಸಡಿಲವಾದಾಗ ಮತ್ತೆ ಬಿಚ್ಚಿಕೊಳ್ಳಬೇಕು, ದಾದರ್ ಸ್ಟೇಷನ್ನಿನ ಬಾಗಿಲಲ್ಲಿ ಮಳೆಗಾಲದ ಕೊಡೆಗಳು ಮುಚ್ಚಿ ತೆರೆಯುವ ಹಾಗೆ. ಎಳೆಗಳು ವಿರಳವಾಗಿದ್ದರೆ ಮಾತ್ರ ಇದು ಆಗುತ್ತದೆ. ಒತ್ತಾಗಿದ್ದರೆ ಒಂದಕ್ಕೊಂದು ಆತು ನಿಂತು, ಅಲುಗಾಡಲು ಜಾಗವೇ ಇರುವುದಿಲ್ಲ.

ಪುಕ್ಕ: ಇಲ್ಲಿ ಏನು ಸಿಗುತ್ತದೆ, ಏನನ್ನು ಮುಟ್ಟಬಾರದು

ಮೂಲ ವಿಧಾನ ಕೇಳುವುದು ಯುರೋಪಿನ ಬೂದು ಪಾರ್ಟ್ರಿಜ್‌ನ ಬೆನ್ನಿನ ಕಂದು ಚುಕ್ಕೆಯ ಪುಕ್ಕ. ನಮ್ಮ ಗೌಜಲಹಕ್ಕಿಯೂ ಅದೇ ಕುಟುಂಬದ್ದು; ಪುಣೆಯ ಸುತ್ತಲಿನ ಕುರುಚಲು ಗುಡ್ಡಗಳಲ್ಲಿ ಬೆಳಗಾದರೆ ಕೂಗುತ್ತಿರುತ್ತದೆ. ಅದರ ಪುಕ್ಕವೂ ಚೆನ್ನಾಗಿಯೇ ಇದೆ, ಆದರೆ ಆಸೆ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ರಕ್ಷಿತ ಹಕ್ಕಿ. ಸ್ನೈಪ್, ಮೂರ್‌ಹೆನ್, ಕಾಡುಕೋಳಿಗಳ ಕಥೆಯೂ ಅದೇ. ‘ಬಿದ್ದದ್ದನ್ನು ಹೆಕ್ಕಿದೆ’ ಎಂಬ ವಾದವನ್ನು ನೆಚ್ಚಿಕೊಂಡು ಕಾಡುಹಕ್ಕಿಯ ಪುಕ್ಕವನ್ನು ಡಬ್ಬಿಯಲ್ಲಿ ಇಟ್ಟುಕೊಳ್ಳುವುದು ಬೇಡದ ತಲೆನೋವು.

ಬದಲಿಗೆ ಸಾಕುಕೋಳಿ ಇದೆ. ಪುಣೆ, ಮುಂಬೈಯಲ್ಲಿ ‘ಗಾವರಾನ್’ ಎಂದು ಮಾರುವ ನಾಟಿ ಕೋಳಿಯಲ್ಲಿ ಹೇಂಟೆಯನ್ನೇ ಕೇಳಿ. ಹುಂಜದ ಕತ್ತಿನ ಪುಕ್ಕ ಬಿರುಸು, ಹೊಳಪು ಹೆಚ್ಚು. ಅದು ನೀರಿನ ಮೇಲೆ ತೇಲುವ ಡ್ರೈ ಫ್ಲೈಗೆ ಸರಿ, ಇಲ್ಲಿಗೆ ನಿಷ್ಪ್ರಯೋಜಕ. ಹೇಂಟೆಯ ಪುಕ್ಕ ಮಂಕು, ಮೆತ್ತಗೆ, ನೀರು ಹೀರುತ್ತದೆ. ಕಂದು ಚುಕ್ಕೆಯ ಹೇಂಟೆಯ ಬೆನ್ನಿನ ಮೇಲ್ಭಾಗ ಮತ್ತು ಕತ್ತಿನ ಬುಡದಲ್ಲಿ ಪಾರ್ಟ್ರಿಜ್‌ಗೆ ಒಳ್ಳೆಯ ಬದಲಿ ಸಿಗುತ್ತದೆ. ಬೂದು ಬಣ್ಣದ ಹೇಂಟೆ ಸಿಕ್ಕರೆ ಬಿಡಬೇಡಿ, ಅದು ಅಪರೂಪ, ಮೂರ್‌ಹೆನ್ ಪುಕ್ಕದ ಜಾಗಕ್ಕೆ ಅದೇ ಆಗಬೇಕು. ಕಡಕ್‌ನಾಥ್ ಕೋಳಿಯ ಕತ್ತಿನ ಚಿಕ್ಕ ಪುಕ್ಕಗಳು ಕಪ್ಪು ಫ್ಲೈಗಳಿಗೆ ಹೇಳಿ ಮಾಡಿಸಿದಂತಿವೆ. ಗಿನಿ ಕೋಳಿಯ ಬಿಳಿ ಚುಕ್ಕೆ ನೋಡಿ ಮರುಳಾಗುವವರು ಬಹಳ. ಅದರ ಎಳೆಗಳು ತುಸು ಬಿರುಸು, 10ನೇ ಸೈಜಿನ ದೊಡ್ಡ ಗಾಳಕ್ಕೆ ನಡೆಯುತ್ತದೆ, ಅದಕ್ಕಿಂತ ಚಿಕ್ಕದಾದ 14ಕ್ಕೆ ಬೇಡ.

ಅಂಗಡಿಯವನು ಕೋಳಿಯನ್ನು ಬಿಸಿನೀರಿಗೆ ಹಾಕುವ ಮೊದಲೇ ಹೇಳಬೇಕು. ಬಿಸಿನೀರಿನಲ್ಲಿ ಅದ್ದಿದ ಪುಕ್ಕ ಮುದುರಿಕೊಳ್ಳುತ್ತದೆ, ಎಳೆಗಳು ಅಂಟಿಕೊಂಡು ಕೂರುತ್ತವೆ. ಚರ್ಮದ ಸಮೇತ ಕತ್ತು ಮತ್ತು ಬೆನ್ನು ಸಿಕ್ಕರೆ ಒಳಗಿನ ಕೊಬ್ಬನ್ನು ಕೆರೆದು ತೆಗೆದು, ಬಿಳಿಗಾರದ ಪುಡಿ ದಪ್ಪಗೆ ಸವರಿ, ರಟ್ಟಿನ ಮೇಲೆ ಪಿನ್ ಹಾಕಿ ಒಣಗಿಸಿ. ಕೊಬ್ಬು ಉಳಿದರೆ ಎಷ್ಟು ಬಿಳಿಗಾರ ಹಾಕಿದರೂ ವಾಸನೆ ಬರುತ್ತದೆ, ಹುಳವೂ ಬರುತ್ತದೆ. ಬಿಡಿ ಪುಕ್ಕಗಳಾದರೆ ಪಾತ್ರೆ ತೊಳೆಯುವ ದ್ರವ ಎರಡು ಹನಿ ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ಆಡಿಸಿ ತೊಳೆದು, ಹಳೆಯ ದಿಂಬಿನ ಚೀಲದಲ್ಲಿ ಗಂಟು ಕಟ್ಟಿ ನೆರಳಿನಲ್ಲಿ ಒಣಗಿಸಿದರೆ ಸಾಕು. ಆಮೇಲೆ ಗಾಳಿಯಾಡದ ಚೀಲದಲ್ಲಿ ಹಾಕಿ ಒಂದು ವಾರ ಫ್ರೀಜರಿನಲ್ಲಿ ಇಟ್ಟರೆ ಕಣ್ಣಿಗೆ ಕಾಣದ ಹುಳಗಳು ಸಾಯುತ್ತವೆ. ಮನೆಯವರಿಗೆ ಮೊದಲೇ ಹೇಳಿ ಇಡುವುದು ಕ್ಷೇಮ.

ದಾರ, ಮೇಣ, ಗಾಳ

ಈ ಫ್ಲೈಗಳಲ್ಲಿ ದಾರವೇ ಮೈ. ಹಾಗಾಗಿ ದಾರದ ವಿಷಯದಲ್ಲಿ ಕೈ ಬಿಗಿ ಹಿಡಿಯಬಾರದು. ಹಳಬರು ಬಳಸಿದ್ದು ಪಿಯರ್ಸಾಲ್ಸ್ ಗಾಸಮರ್ ಎಂಬ ತೆಳು ರೇಷ್ಮೆ. ಅದರ 6ಎ ನಂಬರಿನ ಕಿತ್ತಳೆಯೇ ಪಾರ್ಟ್ರಿಜ್ ಅಂಡ್ ಆರೆಂಜ್‌ನ ಬಣ್ಣ. ಅದಿಲ್ಲದಿದ್ದರೆ ನಿಜವಾದ ರೇಷ್ಮೆ ದಾರ ಯಾವುದಾದರೂ ಆದೀತು. ನಿಜವಾದ್ದು ಎಂಬ ಮಾತಿಗೆ ಒತ್ತು ಕೊಡಲು ಕಾರಣವಿದೆ. ಪುಣೆಯ ರವಿವಾರ ಪೇಟೆಯಲ್ಲಾಗಲಿ ಮುಂಬೈಯ ಭುಲೇಶ್ವರದಲ್ಲಾಗಲಿ ಸೀರೆ ಕುಚ್ಚಿಗೆ, ಆರಿ ವರ್ಕಿಗೆ ‘ಸಿಲ್ಕ್ ಥ್ರೆಡ್’ ಎಂದು ಕೊಡುವ ಹೊಳೆಯುವ ಉಂಡೆಗಳು ಹೆಚ್ಚಾಗಿ ರೇಯಾನ್ ಅಥವಾ ಪಾಲಿಯೆಸ್ಟರ್. ಒಂದು ಇಂಚು ಕತ್ತರಿಸಿ ಬೆಂಕಿ ಕಡ್ಡಿ ಹಿಡಿದರೆ ಗುಟ್ಟು ರಟ್ಟು. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು, ಬೆರಳಲ್ಲಿ ಪುಡಿಯಾಗುವ ಕರಿ ಬಿಡುತ್ತದೆ. ರೇಯಾನ್ ಕಾಗದದಂತೆ ಉರಿದುಹೋಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ರೇಯಾನ್ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ, ನೀರಿನಲ್ಲೇ ಇರಬೇಕಾದ ಫ್ಲೈಗೆ ಅದು ಬೇಡವೇ ಬೇಡ. ಪಾಲಿಯೆಸ್ಟರ್ ಗಟ್ಟಿ, ಆದರೆ ಒದ್ದೆಯಾದರೂ ಒಣಗಿದರೂ ಅದೇ ಬಣ್ಣ. ರೇಷ್ಮೆಯ ಸೊಗಸೇ ಬೇರೆ: ನೀರು ತಾಕಿದೊಡನೆ ಅರೆಪಾರದರ್ಶಕವಾಗಿ, ಅಡಿಯ ಗಾಳದ ಕಂದು ಛಾಯೆ ಒಳಗಿನಿಂದ ಇಣುಕಿ, ಕಣ್ಣು ಕುಕ್ಕುವ ಕಿತ್ತಳೆ ಹೋಗಿ ಹುಳದ ಹೊಟ್ಟೆಯ ಕಂದುಗೆಂಪು ಬರುತ್ತದೆ. ಆದ್ದರಿಂದ ಅಂಗಡಿಯಲ್ಲಿ ಬಣ್ಣ ಆರಿಸುವಾಗ ದಾರವನ್ನು ನಾಲಿಗೆಗೆ ತಾಗಿಸಿ ನೋಡಬೇಕು, ಅಂಗಡಿಯಾತ ಏನೆಂದುಕೊಂಡರೂ ಸರಿ. ಹೊಲಿಗೆಯ ರೇಷ್ಮೆ ದಪ್ಪವೆನಿಸಿದರೆ ಹುರಿ ಬಿಚ್ಚಿ ಒಂದೇ ಎಳೆ ತೆಗೆದುಕೊಳ್ಳಿ.

ಜೇನುಮೇಣವನ್ನು ದಾರಕ್ಕೆ ಎರಡು ಮೂರು ಸಲ ಎಳೆದರೆ ದಾರ ಗಾಳದ ಮೇಲೆ ಜಾರುವುದಿಲ್ಲ, ನಡುವೆ ಕೈ ಬಿಟ್ಟರೂ ಬಿಚ್ಚಿಕೊಳ್ಳುವುದಿಲ್ಲ. ಮೇಣ ಹೆಚ್ಚಾದರೆ ಬಣ್ಣ ಮಣ್ಣಾಗುತ್ತದೆ. ಪುಣೆಯ ಡಿಸೆಂಬರಿನಲ್ಲಿ ಮೇಣ ಕಲ್ಲಿನಂತಿರುತ್ತದೆ, ಮುಷ್ಟಿಯಲ್ಲಿ ಸ್ವಲ್ಪ ಹೊತ್ತು ಹಿಡಿದು ಬೆಚ್ಚಗೆ ಮಾಡಿ. ಇಲ್ಲದಿದ್ದರೆ ಅದು ದಾರವನ್ನೇ ಕತ್ತರಿಸುತ್ತದೆ.

ಗಾಳ 14ನೇ ಸೈಜಿನದು, ನೀರಿನೊಳಗೆ ಮುಳುಗುವ ವೆಟ್ ಫ್ಲೈಗೆಂದೇ ಮಾಡಿದ್ದು, ಕಣ್ಣು ಕೆಳಕ್ಕೆ ಬಾಗಿರುವುದು. ಕಲಿಯಲು 12 ಇನ್ನೂ ಸಲೀಸು. ಮೀನುಗಾರರ ಅಂಗಡಿಯ ಸಾಮಾನ್ಯ ಗಾಳ ಇಲ್ಲಿ ಕೆಲಸಕ್ಕೆ ಬಾರದು. ತಂತಿ ದಪ್ಪ, ಫ್ಲೈ ನೇರ ತಳ ಸೇರಿ ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ. ತೀರ ತೆಳು ತಂತಿಯ ಡ್ರೈ ಫ್ಲೈ ಗಾಳವಾದರೆ ಮುಳುಗುವುದೇ ಇಲ್ಲ.

ಉಪಕರಣಗಳ ಪಟ್ಟಿ ಚಿಕ್ಕದು: ಗಾಳ ಹಿಡಿಯುವ ವೈಸ್, ದಾರದ ಉಂಡೆ ತೂಗುವ ಬಾಬಿನ್, ಪುಕ್ಕ ಹಿಡಿಯುವ ಪುಟ್ಟ ಚಿಮಟ, ಚೂಪು ಮೊನೆಯ ಸಣ್ಣ ಕತ್ತರಿ, ಒಂದು ಸೂಜಿ. ಕೊನೆಯ ಗಂಟಿಗೆ ವಿಪ್ ಫಿನಿಶ್ ಟೂಲ್ ಬರುತ್ತದೆ, ಬೆರಳಲ್ಲಿ ಹಾಕಲು ಬರುವವರಿಗೆ ಅದೂ ಬೇಕಿಲ್ಲ. ದುಡ್ಡು ಹಾಕುವುದಿದ್ದರೆ ಬಾಬಿನ್ ಮೇಲೆ ಹಾಕಿ. ಅಗ್ಗದ ಬಾಬಿನ್‌ನ ನಳಿಗೆಯ ಬಾಯಿ ಹರಿತವಾಗಿದ್ದು, ಮೂರನೇ ಸುತ್ತಿಗೇ ರೇಷ್ಮೆಯನ್ನು ಸೀಳುತ್ತದೆ. ಪಿಂಗಾಣಿ ಬಾಯಿಯದ್ದಾದರೆ ಆ ತಾಪತ್ರಯವಿಲ್ಲ.

ಇನ್ನೊಂದು ಮಾತು ನಮ್ಮ ಮನೆಗಳಿಗೇ ಸಂಬಂಧಿಸಿದ್ದು. ಕೂರುವ ಮೊದಲು ಫ್ಯಾನ್ ಆರಿಸಬೇಕು. ಮುಂಬೈ, ಗೋವಾದಲ್ಲಿ ಇದು ಶಿಕ್ಷೆಯೇ ಸರಿ, ಆದರೆ ಆರಿಸಿ ಜೋಡಿಸಿದ ಇಪ್ಪತ್ತು ಪುಕ್ಕ ಒಂದೇ ಗಳಿಗೆಯಲ್ಲಿ ಸೋಫಾದ ಅಡಿ ಸೇರುವುದು ಅದಕ್ಕಿಂತ ದೊಡ್ಡ ಶಿಕ್ಷೆ. ಬೆವರಿನ ಕೈ ರೇಷ್ಮೆಯನ್ನು ಕೊಳೆ ಮಾಡುತ್ತದೆ, ಒರಟು ಬೆರಳು ಅದರ ನವಿರನ್ನು ಎಬ್ಬಿಸುತ್ತದೆ. ಪಕ್ಕದಲ್ಲಿ ಒಂದು ಒಣ ಬಟ್ಟೆ ಇರಲಿ.

ಕಟ್ಟುವುದು

ಪಾರ್ಟ್ರಿಜ್ ಅಂಡ್ ಆರೆಂಜ್ ಅನ್ನೇ ತೆಗೆದುಕೊಳ್ಳೋಣ. ಗಾಳದ ಉದ್ದನೆಯ ನೇರ ಭಾಗಕ್ಕೆ ಕಾಂಡ ಎನ್ನೋಣ. ಮೊದಲು ಮೊನೆಯ ಹಿಂದಿನ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿ. ಈಗಲೇ ಮಾಡಬೇಕು, ಕಟ್ಟಿದ ಮೇಲೆ ಒತ್ತಲು ಹೋಗಿ ಗಾಳ ಮುರಿದರೆ ಕೆಲಸವೆಲ್ಲ ದಂಡ. ಗಾಳದ ಬಾಗನ್ನು ವೈಸ್‌ಗೆ ಕಚ್ಚಿಸಿ, ಕಾಂಡ ಮೇಜಿಗೆ ಸಮಾನಾಂತರ ಇರಲಿ.

ಮೇಣ ಸವರಿದ ದಾರವನ್ನು ಕಣ್ಣಿನಿಂದ ಎರಡು ಮಿಲಿಮೀಟರ್ ಹಿಂದೆ ಶುರು ಮಾಡಿ. ಈ ಎರಡು ಮಿಲಿಮೀಟರ್ ಪುಕ್ಕಕ್ಕೂ ತಲೆಗೂ ಮೀಸಲಿಟ್ಟ ಜಾಗ, ಇದರ ಮೇಲೆ ಮೈ ಹತ್ತಬಾರದು. ದಾರದ ತುದಿಯ ಮೇಲೆ ಐದು ಸುತ್ತು ಹಾಕಿ, ತುದಿ ಕತ್ತರಿಸಿ, ಒಂದಕ್ಕೊಂದು ಅಂಟಿ ಕೂರುವಂತೆ ಬಾಗಿನ ಕಡೆಗೆ ಸುತ್ತುತ್ತ ಹೋಗಿ. ಎಲ್ಲಿ ನಿಲ್ಲಬೇಕು? ಗಾಳದ ಮೊನೆಯ ನೇರಕ್ಕೆ ಕಾಂಡದ ಮೇಲೆ ಎಲ್ಲಿ ಬರುತ್ತದೋ ಅಲ್ಲಿ, ಹೆಚ್ಚೆಂದರೆ ಮೊನೆಗೂ ಮುಳ್ಳಿಗೂ ನಡುವೆ. ಬಾಗಿನವರೆಗೆ ಮೈ ಇಳಿಸುವುದು ಬೇರೆ ಫ್ಲೈಗಳಲ್ಲಿ ಸರಿ, ಇಲ್ಲಿ ಮೈ ಗಿಡ್ಡ. ಗಿಡ್ಡ ಮೈಯಿಂದಲೇ ಪುಕ್ಕದ ಎಳೆಗಳು ಹಿಂದಕ್ಕೆ ಚಾಚಿ ಆಡಲು ಜಾಗ ಸಿಗುವುದು.

ಈಗ ಬಾಬಿನ್ ತೂಗಿಬಿಟ್ಟು ಬೆರಳಲ್ಲಿ ತಿರುಗಿಸಿ ನೋಡಿ. ಒಂದು ದಿಕ್ಕಿಗೆ ತಿರುಗಿಸಿದರೆ ದಾರ ಹುರಿಗಟ್ಟಿ ತೆಳುವಾಗುತ್ತದೆ, ಇನ್ನೊಂದು ದಿಕ್ಕಿಗೆ ಬಿಚ್ಚಿ ಚಪ್ಪಟೆಯಾಗುತ್ತದೆ. ಹೋಗುವಾಗಿನ ಅಡಿಪದರಕ್ಕೆ ಚಪ್ಪಟೆ ಇರಲಿ, ಬರುವಾಗಿನ ಮೇಲ್ಪದರಕ್ಕೆ ಸ್ವಲ್ಪ ಹುರಿ ಕೊಡಿ. ಹುಳದ ಹೊಟ್ಟೆಯ ಗೆರೆಗೆರೆ ತಾನಾಗಿ ಮೂಡುತ್ತದೆ. ಎರಡೇ ಪದರ, ಮೂರನೆಯದು ಬೇಡ. ಸುತ್ತುಗಳ ನಡುವೆ ಸಂದಿ ಬಿದ್ದರೆ ಬೆರಳಿನ ಉಗುರಿನಿಂದ ಹಿಂದಕ್ಕೆ ತಳ್ಳಿ ಸರಿ ಮಾಡಬಹುದು. ಎಷ್ಟು ಬಿಗಿ ಎಂಬುದನ್ನು ಓದಿ ತಿಳಿಯಲಾಗದು: ಖಾಲಿ ಗಾಳದ ಮೇಲೆ ದಾರ ಕಟ್ಟಿ, ಬೇಕೆಂದೇ ಎಳೆದು ಐದಾರು ಸಲ ತುಂಡು ಮಾಡಿ. ತುಂಡಾಗುವ ಮುನ್ನ ಕೈಗೆ ಸಿಗುವ ಆ ಬಿಗಿಯಲ್ಲಿ ಮುಕ್ಕಾಲು ಪಾಲು ಸಾಕು.

ಮೂಲದಲ್ಲಿ ಮೈ ಮೇಲೆ ತಂತಿ ಇಲ್ಲ. ಆದರೆ ಟ್ರೌಟ್‌ನ ಹಲ್ಲಿಗೆ ರೇಷ್ಮೆ ಬೇಗ ಹರಿಯುತ್ತದೆ, ಹಾಗಾಗಿ ತೆಳು ತಂತಿಯ ನಾಲ್ಕೈದು ಅಗಲ ಸುತ್ತು ಹಾಕುವವರಿದ್ದಾರೆ, ಅದರಲ್ಲಿ ತಪ್ಪಿಲ್ಲ. ಮೋಟಾರ್ ರೀವೈಂಡಿಂಗ್ ಅಂಗಡಿಯಲ್ಲಿ 40 ಅಥವಾ 42 ಗೇಜಿನ ತಾಮ್ರದ ತಂತಿ ಕೇಳಿ, ದಪ್ಪ 0.12ರಿಂದ 0.10 ಮಿಲಿಮೀಟರ್. ಗ್ರಾಂ ಲೆಕ್ಕದಲ್ಲಿ ಕೊಟ್ಟರೂ ಜೀವಮಾನಕ್ಕಾಗುವಷ್ಟು ಬರುತ್ತದೆ. ದಾರ ಸುತ್ತಿದ ದಿಕ್ಕಿಗೆ ವಿರುದ್ಧವಾಗಿ ಸುತ್ತಿದರೆ ದಾರದ ಸಂದಿಗೆ ಇಳಿಯದೆ ಮೇಲೆಯೇ ನಿಂತು ಮೈಯನ್ನು ಹಿಡಿದಿಡುತ್ತದೆ.

ಪುಕ್ಕದ ಕೆಲಸ ನಿಧಾನಕ್ಕೆ ಮಾಡುವಂಥದ್ದು. ಎಳೆಯ ಉದ್ದ ಗಾಳದ ಕಣ್ಣಿನಿಂದ ಬಾಗಿನವರೆಗೆ ಬರಬೇಕು, 14ರ ಗಾಳಕ್ಕೆ ಸುಮಾರು ಒಂದು ಸೆಂಟಿಮೀಟರ್. ಬುಡದ ತುಪ್ಪಳನ್ನು ಕಿತ್ತು ಹಾಕಿ. ಪುಕ್ಕದ ತುದಿಯನ್ನು ಎಡಗೈಯಲ್ಲಿ ಹಿಡಿದು, ಉಳಿದ ಎಳೆಗಳನ್ನು ಬುಡದ ಕಡೆಗೆ ಹಿಮ್ಮುಖವಾಗಿ ನೇವರಿಸಿ. ತುದಿಯಲ್ಲಿ ಪುಟ್ಟ ತ್ರಿಕೋನ, ಅದರ ಕೆಳಗೆ ಎರಡೂ ಬದಿಗೆ ಚಾಚಿದ ಎಳೆಗಳು ಕಾಣಬೇಕು. ಇನ್ನೂ ವಿರಳ ಬೇಕಿದ್ದರೆ ಒಂದು ಬದಿಯ ಎಳೆಗಳನ್ನು ಪೂರ್ತಿ ಕಿತ್ತುಬಿಡಿ. ತ್ರಿಕೋನವನ್ನು ಮೈ ಮುಗಿದ ಜಾಗದಲ್ಲಿ ಇಟ್ಟು ಮೂರು ಬಿಗಿ ಸುತ್ತು ಹಾಕಿ, ಮಿಕ್ಕ ತುದಿ ಕತ್ತರಿಸಿ. ಇಲ್ಲಿ ಒಮ್ಮೆ ನಿಂತು ನೋಡಬೇಕು: ಸುತ್ತಿದಾಗ ಪುಕ್ಕದ ಮಂಕಾದ ಒಳಮೈ ಬಾಗಿನ ಕಡೆಗೂ ಹೊಳೆಯುವ ಹೊರಮೈ ಕಣ್ಣಿನ ಕಡೆಗೂ ಬರುತ್ತದೆಯೇ? ತಿರುವುಮುರುವಾದರೆ ಎಳೆಗಳು ಮುಂದಕ್ಕೆ ಬಾಗಿ ಕಣ್ಣನ್ನು ಮುಚ್ಚುತ್ತವೆ. ಪುಕ್ಕವನ್ನು ಈಗಲೇ ತಿರುಗಿಸಿ ಕಟ್ಟಿದರೆ ಅರ್ಧ ನಿಮಿಷದ ಕೆಲಸ.

ಪುಕ್ಕದ ಬುಡವನ್ನು ಚಿಮಟದಲ್ಲಿ ಹಿಡಿದು ಒಂದು ಸುತ್ತು. ಎಳೆಗಳನ್ನು ಒದ್ದೆ ಬೆರಳಿನಿಂದ ಹಿಂದಕ್ಕೆ ನೇವರಿಸಿ. ಅದರ ಮುಂದೆ ಒತ್ತಿಕೊಂಡು ಇನ್ನರ್ಧ ಸುತ್ತು. ಅಷ್ಟೇ. ಎಣಿಸಿದರೆ ಹನ್ನೆರಡರಿಂದ ಹದಿನೈದು ಎಳೆ ಇರಬೇಕು, ಕಡಿಮೆಯಾದರೂ ಚಿಂತೆಯಿಲ್ಲ. ಈ ಹಂತದಲ್ಲಿ ಫ್ಲೈ ಬಡಕಲಾಗಿ ಕಾಣುತ್ತದೆ, ‘ಇನ್ನೊಂದು ಸುತ್ತು ಹಾಕಿದರೆ ತುಂಬಿದ ಹಾಗಿರುತ್ತದೆ’ ಎಂದು ಕೈ ತುರಿಸುತ್ತದೆ. ಆ ಸುತ್ತೇ ಕೆಡಿಸುವುದು. ಪುಕ್ಕದ ಕಡ್ಡಿಯನ್ನು ಮೇಲಕ್ಕೆ ಎತ್ತಿ ಹಿಡಿದು ಅದರ ಮೇಲೆ ಎರಡು ಸುತ್ತು ದಾರ, ಕಡ್ಡಿ ಕತ್ತರಿಸಿ, ಎಳೆಗಳ ಬುಡಕ್ಕೆ ತಾಗಿದಂತೆ ಮುಂದೆ ಇನ್ನೆರಡು ಸುತ್ತು. ತಾಗಿದಂತೆ, ಮೇಲೆ ಹತ್ತುವಂತೆ ಅಲ್ಲ. ದಾರ ಎಳೆಗಳ ಮೇಲೆ ಹತ್ತಿದರೆ ಅವು ಮೈಗೆ ಒತ್ತಿ ಮಲಗಿಬಿಡುತ್ತವೆ. ದಾರದ ತುದಿಯನ್ನು ಅದರದೇ ಸುತ್ತುಗಳ ಅಡಿಗೆ ಸಿಕ್ಕಿಸುವ ವಿಪ್ ಫಿನಿಶ್ ಗಂಟನ್ನು ನಾಲ್ಕು ಸುತ್ತಿನಲ್ಲಿ ಹಾಕಿ ಬಿಗಿದು ದಾರ ಕತ್ತರಿಸಿ.

ತಲೆಗೆ ಸೂಜಿ ಮೊನೆಯಲ್ಲಿ ಒಂದೇ ಹನಿ ವಾರ್ನಿಷ್. ಬಣ್ಣವಿಲ್ಲದ ನೇಲ್ ಪಾಲಿಷ್ ನಡೆಯುತ್ತದೆ, ಆದರೆ ಜುಲೈ ತಿಂಗಳ ಮುಂಬೈ, ಗೋವಾ ಗಾಳಿಯಲ್ಲಿ ಅದು ಒಣಗುವಾಗ ತೇವ ಹಿಡಿದು ಬೆಳ್ಳಗಾಗುತ್ತದೆ. ಬಲಕ್ಕೆ ಅಂಥ ತೊಂದರೆಯಿಲ್ಲ, ನೋಟ ಮಾತ್ರ ಕೆಡುತ್ತದೆ. ಬೇಡವಾದರೆ ಮಳೆ ಬಿಡುವು ಕೊಟ್ಟ ದಿನ ಹಚ್ಚಿ. ಹಚ್ಚಿದ ಕೂಡಲೇ ಒಂದು ಪುಕ್ಕದ ಕಡ್ಡಿಯನ್ನು ಗಾಳದ ಕಣ್ಣಿನೊಳಗೆ ತೂರಿಸಿ ತೆಗೆಯಬೇಕು. ಮುಚ್ಚಿಹೋದ ಕಣ್ಣನ್ನು ಹೊಳೆಯ ದಂಡೆಯಲ್ಲಿ, ಚಳಿಗೆ ಮರಗಟ್ಟಿದ ಬೆರಳಿನಲ್ಲಿ ಬಿಡಿಸುವುದು ಆಗದ ಮಾತು.

ಪುಕ್ಕ ದೊಡ್ಡದಾದರೆ

ಪಾರ್ಟ್ರಿಜ್ ಇಲ್ಲದೆ ನಾಟಿ ಕೋಳಿಯಲ್ಲಿ ಕೆಲಸ ಮಾಡುವವರಿಗೆ ನಿಜವಾದ ತೊಡಕು ಇದು: ಬಣ್ಣ ಸರಿ, ಮೆತ್ತಗಿದೆ, ಆದರೆ ಎಳೆ ಎರಡು ಸೆಂಟಿಮೀಟರ್. ಸುತ್ತಿದ ಮೇಲೆ ಎಳೆಯ ತುದಿಯನ್ನು ಕತ್ತರಿಯಿಂದ ಮಟ್ಟ ಮಾಡಬಾರದು. ಎಳೆಗೆ ಜೀವ ಇರುವುದೇ ತುದಿಯಲ್ಲಿ, ಅದು ಹೋದರೆ ಉಳಿಯುವುದು ಬಿರುಸು ಬುಡ.

ಇದಕ್ಕೆ ಬೇರೆ ದಾರಿಯಿದೆ. ಮೈ ಕಟ್ಟುವ ಮೊದಲೇ ಪುಕ್ಕದಿಂದ ಹದಿನೈದು ಎಳೆಗಳನ್ನು ತುದಿಗಳು ಸಮನಾಗಿರುವಂತೆ ಹಿಡಿದು ಕಿತ್ತುಕೊಳ್ಳಿ. ತುದಿಗಳು ಕಣ್ಣಿನಿಂದ ಮುಂದಕ್ಕೆ ಚಾಚಿರಲಿ, ಚಾಚಿದ ಉದ್ದ ಒಂದು ಸೆಂಟಿಮೀಟರ್. ಕಾಂಡದ ಮೇಲಿಟ್ಟು ಎರಡು ಸಡಿಲ ಸುತ್ತು ಹಾಕಿ, ಹೆಬ್ಬೆರಳಿನಿಂದ ಒತ್ತುತ್ತ ಎಳೆಗಳನ್ನು ಕಾಂಡದ ಸುತ್ತ ಹರಡಿ. ಸಮನಾಗಿ ಹರಡಿದ ಮೇಲೆ ಬಿಗಿ ಸುತ್ತು ನಾಲ್ಕು ಹಾಕಿ, ಹಿಂದೆ ಉಳಿದ ಬುಡಗಳನ್ನು ಓರೆಯಾಗಿ ಕತ್ತರಿಸಿ. ಆಮೇಲೆ ಮೈಯನ್ನು ಹಿಂದಿನಂತೆ ಕಟ್ಟಿ ಬಂದು, ಮುಂದಕ್ಕೆ ಚಾಚಿದ ಎಳೆಗಳನ್ನು ಹಿಂದಕ್ಕೆ ನೇವರಿಸಿ, ಅವುಗಳ ಮುಂದೆ ಮೂರು ಸುತ್ತು ಹಾಕಿ ನಿಲ್ಲಿಸಿ, ಗಂಟು ಹಾಕಿ. ಹರಡುವಾಗ ಒಂದು ಕಡೆ ಗುಂಪಾದರೆ ಕಾರಣ ಒಂದೇ, ಮೊದಲ ಎರಡು ಸುತ್ತು ಬಿಗಿಯಾಯಿತು. ಬಿಚ್ಚಿ ಮತ್ತೆ ಮಾಡಿ. ಈ ಕ್ರಮ ಒಮ್ಮೆ ಕೈಗೆ ಹತ್ತಿದರೆ ಗಿನಿ ಕೋಳಿ, ಬಾತುಕೋಳಿ ಯಾವುದರ ಪುಕ್ಕವಾದರೂ ಚಿಕ್ಕ ಗಾಳದ ಅಳತೆಗೆ ಒಗ್ಗುತ್ತದೆ, ಬಿರುಸು ಮಾತ್ರ ಹೋಗುವುದಿಲ್ಲ.

ಲೋಟದ ಪರೀಕ್ಷೆ

ವೈಸ್‌ನಲ್ಲಿ ಚೆಂದ ಕಂಡದ್ದು ನೀರಿನಲ್ಲಿ ಹೇಗಿರುತ್ತದೆಂದು ಅಲ್ಲಿಯೇ ನೋಡಬಹುದು. ಫ್ಲೈಗೆ ಒಂದು ಗೇಣು ನೈಲಾನ್ ದಾರ ಕಟ್ಟಿ, ಗಾಜಿನ ಲೋಟದ ನೀರಿನಲ್ಲಿ ಅದ್ದಿ ಬೆರಳಲ್ಲಿ ಹಿಂಡಿ ಗಾಳಿ ಹೊರಡಿಸಿ, ಮೇಲೆ ಕೆಳಗೆ ಆಡಿಸಿ. ಎಳೆದಾಗ ಮುಚ್ಚಿ, ನಿಲ್ಲಿಸಿದಾಗ ತೆರೆದರೆ ಸರಿ. ಎಳೆದರೂ ನಿಲ್ಲಿಸಿದರೂ ತೆರೆದೇ ಇದ್ದರೆ ಪುಕ್ಕ ಬಿರುಸು ಅಥವಾ ಸುತ್ತು ಹೆಚ್ಚು. ನಿಲ್ಲಿಸಿದರೂ ಮುಚ್ಚಿಕೊಂಡೇ ಇದ್ದರೆ ತಲೆಯ ದಾರ ಎಳೆಗಳ ಮೇಲೆ ಹತ್ತಿದೆ, ಇಲ್ಲವೇ ಪುಕ್ಕ ತೀರ ಜೋಲು. ಒಂದು ಬದಿಗೆ ಮಾತ್ರ ಎಳೆಗಳಿದ್ದರೆ ಸುತ್ತುವಾಗ ಕಡ್ಡಿ ಮಗ್ಗುಲಾಗಿದೆ.

ಪುಕ್ಕದ ಕಡ್ಡಿ ಪದೇ ಪದೇ ತುಂಡಾಗುವುದು ಇನ್ನೊಂದು ಗೋಳು. ತುದಿಯಿಂದ ಕಟ್ಟಿದಾಗ ಕಡ್ಡಿ ತೆಳುವಾಗಿರುತ್ತದೆ, ಹಳೆಯ ಪುಕ್ಕ ಒಣಗಿ ಪೆಡಸಾಗಿರುತ್ತದೆ. ಕಟ್ಟುವ ಮುನ್ನ ಕೆಟಲ್ಲಿನ ಹಬೆಯಲ್ಲಿ ಒಂದೆರಡು ಕ್ಷಣ ಹಿಡಿದರೆ ಮೆದುವಾಗುತ್ತದೆ. ಆಗಲೂ ತುಂಡಾದರೆ ಬುಡದಿಂದ ಕಟ್ಟಿ. ತಲೆ ತುಸು ದಪ್ಪವಾದೀತು, ಗಟ್ಟಿಯಂತೂ ಇರುತ್ತದೆ.

ಉಳಿದ ಐದು

ಪಾರ್ಟ್ರಿಜ್ ಅಂಡ್ ಆರೆಂಜ್ ಬಂದರೆ ಉಳಿದವು ಬಣ್ಣ ಬದಲಾಯಿಸಿದಷ್ಟೇ ಸುಲಭ. ಅದೇ ಪುಕ್ಕಕ್ಕೆ ಹಸಿರು ಅಥವಾ ಹಳದಿ ರೇಷ್ಮೆ ಹಾಕಿದರೆ ಮತ್ತೆರಡು ಫ್ಲೈ. ಸ್ನೈಪ್ ಅಂಡ್ ಪರ್ಪಲ್‌ಗೆ ನೇರಳೆ ರೇಷ್ಮೆ, ಕಡು ಬಣ್ಣದ ಹೇಂಟೆಯ ಚಿಕ್ಕ ಪುಕ್ಕ. ಬ್ಲ್ಯಾಕ್ ಸ್ಪೈಡರ್‌ಗೆ ಕಂದು ರೇಷ್ಮೆ, ಮೂಲದಲ್ಲಿ ಸ್ಟಾರ್ಲಿಂಗ್ ಹಕ್ಕಿಯ ಪುಕ್ಕ, ನಮಗೆ ಕಡಕ್‌ನಾಥ್. ಇದರಲ್ಲಿ ಮಾತ್ರ ಪುಕ್ಕವನ್ನು ತಲೆಯ ಬಳಿ ಒತ್ತಾಗಿ ಸುತ್ತದೆ, ಮೈಯ ಮುಂದಿನ ಅರ್ಧದುದ್ದಕ್ಕೂ ಅಂತರ ಬಿಟ್ಟು ಸುತ್ತುತ್ತಾರೆ.

ವಾಟರ್‌ಹೆನ್ ಬ್ಲೋವಾದಲ್ಲಿ (ವಾಟರ್‌ಹೆನ್ ಎಂದರೆ ಮೂರ್‌ಹೆನ್ನೇ) ಒಂದು ಹೊಸ ಕೆಲಸ ಸೇರುತ್ತದೆ. ಹಳದಿ ರೇಷ್ಮೆಗೆ ಬೂದು ತುಪ್ಪಳನ್ನು ಹೊಸೆಯಬೇಕು. ಮೂಲದಲ್ಲಿರುವ ಮೋಲ್ ಎಂಬ ಬಿಲದ ಪ್ರಾಣಿಯ ತುಪ್ಪಳಿಗೆ ಬದಲು ಸಾಕುಮೊಲದ ಅಡಿತುಪ್ಪಳು ಸಾಕು. ಮನೆಯ ಬೂದು ಬೆಕ್ಕಿನ ಬಾಚಣಿಗೆಯಲ್ಲಿ ಸಿಕ್ಕಿದ್ದೂ ಕೆಟ್ಟದ್ದಲ್ಲ. ಎಷ್ಟು ಹಾಕಬೇಕೆಂದರೆ, ಹೊಸೆದ ಮೇಲೂ ಹಳದಿ ದಾರ ಕಾಣುತ್ತಿರಬೇಕು. ಚಿಟಿಕೆ ತೆಗೆದು ಅದರಲ್ಲಿ ಅರ್ಧ ವಾಪಸು ಇಟ್ಟು, ಉಳಿದದ್ದರಲ್ಲಿ ಮತ್ತರ್ಧ ವಾಪಸು ಇಟ್ಟರೆ ಅಳತೆ ಸರಿಯಾಗುತ್ತದೆ.

ಎಲ್ಲಿ, ಹೇಗೆ

ಟ್ರೌಟ್‌ಗೆ ತಣ್ಣನೆಯ ನೀರು ಬೇಕು, 20 ಡಿಗ್ರಿ ದಾಟಿದರೆ ಕಷ್ಟಪಡುತ್ತದೆ. ಪುಣೆಯ ಮುಳಾ, ಮುಠಾ, ಗೋವಾದ ಮಾಂಡವಿ ನದಿಗಳಲ್ಲಿ ಅದನ್ನು ಹುಡುಕಿ ಫಲವಿಲ್ಲ. ಪುಣೆ, ಮುಂಬೈನಲ್ಲಿ ಮಳೆಗಾಲವಿಡೀ ಕಟ್ಟಿದ್ದು ಬಳಕೆಗೆ ಬರುವುದು ಹಿಮಾಲಯದಲ್ಲಿ. 1900ರಲ್ಲಿ ಕಾಶ್ಮೀರಕ್ಕೆ ತಂದ ಬ್ರೌನ್ ಟ್ರೌಟ್ ಮೊಟ್ಟೆಗಳಿಂದ ಶುರುವಾದ ವಂಶ ಅಲ್ಲಿದೆ, ಹಿಮಾಚಲದ ತೀರ್ಥನ್, ಬರೋಟ್ ಬಳಿಯ ಊಹಲ್ ಹೊಳೆಗಳಲ್ಲೂ ಟ್ರೌಟ್ ಇದೆ. ತೀರ್ಥನ್‌ಗೆ ಹೋಗಲು ದೆಹಲಿಯಿಂದ ಮನಾಲಿ ಬಸ್ ಹಿಡಿದು ಔಟ್ ಎಂಬಲ್ಲಿ ಇಳಿಯಬೇಕು. ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಕಡ್ಡಾಯ. ಹಿಮಾಚಲದಲ್ಲಿ ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಟ್ರೌಟ್ ಹಿಡಿಯುವಂತಿಲ್ಲ. ವಿಮಾನದಲ್ಲಿ ಹೋಗುವವರು ಫ್ಲೈ ಡಬ್ಬಿ, ಕತ್ತರಿಗಳನ್ನು ಚೆಕ್-ಇನ್ ಬ್ಯಾಗಿಗೆ ಹಾಕುವುದು ಒಳ್ಳೆಯದು.

ಅಲ್ಲಿನ ನೀರಿಗೂ ಯಾರ್ಕ್‌ಶೈರಿನ ನೀರಿಗೂ ಒಂದು ವ್ಯತ್ಯಾಸವಿದೆ, ಅದು ಕಟ್ಟುವುದನ್ನೂ ಬದಲಿಸುತ್ತದೆ. ಹಿಮಾಲಯದ ಹೊಳೆಗಳ ಓಟ ಇನ್ನೂ ಜೋರು. ತೀರ ಜೋಲು ಪುಕ್ಕ ಆ ಸೆಳೆತದಲ್ಲಿ ಮೈಗೆ ಅಂಟಿಕೊಂಡು ತೆರೆಯುವುದೇ ಇಲ್ಲ. ಅದಕ್ಕೆ ಪುಕ್ಕದ ಹಿಂದೆ ಕಾಳಿನಂತೆ ಚಿಕ್ಕದಾಗಿ ಮೊಲದ ತುಪ್ಪಳಿನ ಎರಡು ಸುತ್ತು ಹಾಕಿದರೆ ಎಳೆಗಳಿಗೆ ಒತ್ತು ಸಿಗುತ್ತದೆ, ಮೈಯಿಂದ ದೂರ ನಿಲ್ಲುತ್ತವೆ. ಇಲ್ಲಿ ಪೂರ್ತಿ ಎರಡು ಸುತ್ತು ಪುಕ್ಕ ಹಾಕಿದರೂ ಕ್ಷಮಿಸಬಹುದು. ಬಂಡೆಯ ಹಿಂದಿನ ನಿಧಾನ ನೀರಿಗೆ ಮಾತ್ರ ಒಂದೂವರೆ ಸುತ್ತಿನದೇ ಇರಲಿ. ಎರಡು ಬಗೆಯನ್ನೂ ಡಬ್ಬಿಯಲ್ಲಿ ಬೇರೆ ಬೇರೆ ಸಾಲಿನಲ್ಲಿ ಜೋಡಿಸಿಟ್ಟುಕೊಂಡರೆ ಹುಡುಕಾಟವಿಲ್ಲ.

ಮುಖ್ಯ ದಾರಕ್ಕೂ ಫ್ಲೈಗೂ ನಡುವೆ ಒಂಬತ್ತು ಅಡಿಯ ತೆಳು ದಾರ, ಅಂದರೆ ಲೀಡರ್, ತುದಿಯಲ್ಲಿ 0.18 ಅಥವಾ 0.15 ಮಿಲಿಮೀಟರ್ ದಪ್ಪದ ನೈಲಾನ್. ಹೊಳೆಗೆ ಅಡ್ಡಲಾಗಿ, ತುಸು ಕೆಳಮುಖವಾಗಿ ಎಸೆದು, ನೀರು ದಾರವನ್ನು ಬಿಲ್ಲಿನಂತೆ ಎಳೆಯದ ಹಾಗೆ ರಾಡ್ ತುದಿಯಿಂದ ದಾರವನ್ನು ಮೇಲ್ಮುಖವಾಗಿ ಎತ್ತಿ ಹಾಕುತ್ತ, ಫ್ಲೈಯನ್ನು ನಿಧಾನಕ್ಕೆ ಈ ದಡದ ಕಡೆಗೆ ಬರಲು ಬಿಡಿ. ಹೆಚ್ಚಿನ ಕಡಿತ ಬರುವುದು ಅದು ತಿರುಗಿ ಮೇಲೇಳುವ ಕೊನೆಯ ಘಟ್ಟದಲ್ಲಿ. ಆಗ ರಾಡನ್ನು ಜಗ್ಗಬೇಡಿ. ಬಿಗಿಯಾದ ದಾರದಲ್ಲಿ ಮೀನು ತಾನೇ ಸಿಕ್ಕಿಕೊಳ್ಳುತ್ತದೆ, ಜಗ್ಗಿದರೆ ತೆಳು ನೈಲಾನ್ ಹರಿಯುತ್ತದೆ.

ಸಂಜೆ ಬಂದ ಮೇಲೆ ಒದ್ದೆ ಫ್ಲೈಗಳನ್ನು ಹಾಗೇ ಡಬ್ಬಿಗೆ ಹಾಕಿ ಮುಚ್ಚಿದರೆ ಗಾಳಕ್ಕೆ ತುಕ್ಕು ಹಿಡಿದು ಆ ಕಲೆ ರೇಷ್ಮೆಗೂ ಇಳಿಯುತ್ತದೆ. ರಾತ್ರಿಯಿಡೀ ತೆರೆದಿಟ್ಟು ಒಣಗಿಸಿ. ಊರಿಗೆ ಮರಳಿದ ಮೇಲೆ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ, ಪುಕ್ಕದ ಚೀಲಗಳ ಜೊತೆ ನುಸಿಗುಳಿಗೆ ಇಟ್ಟು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ ತೆರೆದು ನೋಡಿ. ಪುಕ್ಕದ ಬುಡದಲ್ಲಿ ಮರಳಿನಂಥ ಪುಡಿ ಕಂಡರೆ ಹುಳ ಬಿದ್ದಿದೆ ಎಂದರ್ಥ. ಆ ಚೀಲವನ್ನು ಬೇರೆಯವುಗಳಿಂದ ದೂರ ಮಾಡಿ ಅಂದೇ ಫ್ರೀಜರಿಗೆ ಹಾಕಿ.